‘ಇರಲಿ’ಯ ಎದುರಿನ ಸೊನ್ನೆ

ಅಂದು ಬೆಳಿಗ್ಗೆಯೂ ಒದ್ದೆ ಬಟ್ಟೆಯಿಂದ ತುಳಸಿಯ ಎಲೆ ಒರೆಸಿದೆ. ನಮ್ಮ ಸಿಮೆಂಟ್ ಕಾರ್ಖಾನೆಯ ಊರು ವಾಡಿಯಲ್ಲಿ ಇದು ಪೂಜೆಗಿಂತ ಮೊದಲಿನ ಕೆಲಸ. ಧೂಳು ಒರೆಸದೆ ನೀರು ಹಾಕಿದರೆ ಎಲೆಯ ಮೇಲೆ ಗಟ್ಟಿಯಾಗಿ ಕೂರುತ್ತದೆ. ಚಹಾ ಇಟ್ಟು, ಮಲಗಿದ್ದ ಮಗಳ ಉಸಿರಿಗೆ ಕಿವಿಗೊಟ್ಟೆ. ಶಿಳ್ಳೆಯ ಸದ್ದಿರಲಿಲ್ಲ.

ಹಿಂದಿನ ಸಂಜೆ ಅವಳಿಗೆ ಉಬ್ಬಸ ಎದ್ದಿತ್ತು. ಪಕ್ಕದ ಮನೆಯ ವೈನಿ ಓಡಿ ಬಂದು ಬೆನ್ನು ನೀವಿದ್ದರು. ನಾವಿಬ್ಬರೂ ಒಬ್ಬರನ್ನೊಬ್ಬರು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುವುದು. ನಾನು ಕಷಾಯದ ಲೋಟ ಹಿಡಿದು ನಿಂತಾಗ, “ಅದನ್ನ ಆಮ್ಯಾಲ ಕುಡಸ್ರಿ ವೈನಿ, ಮದ್ಲ ಉಸಿರಿನ ಪಂಪ್ ಕೊಡ್ರಿ” ಎಂದವರು ಅವರೇ.

ಮನೆಮದ್ದಿನ ಗುಂಪಿಗೆ ನನ್ನನ್ನು ಸೇರಿಸಿದವರೂ ಅವರೇ. ಎಲ್ಲರೂ ಬಳಸುವ ಆ್ಯಪಿನಲ್ಲಿ ನಮ್ಮ ಮಾತು ಅಳಿಸಿಹಾಕುತ್ತಾರೆ ಎಂದು ಮುನಿಸಿಕೊಂಡು ಬೇರೊಂದು ಆ್ಯಪಿಗೆ ಬಂದ ಹೆಂಗಸರ ಗುಂಪದು. ಸೇಡಂ, ಚಿತ್ತಾಪುರ, ಶಹಾಬಾದಿನವರು. ‘ಇಲ್ಲಿ ಯಾರ ಬಾಯೀನೂ ಮುಚ್ಚಸಂಗಿಲ್ಲ’ ಎಂದು ಗುಂಪಿನ ಹಣೆಯ ಮೇಲೇ ಬರೆದಿತ್ತು. ನನ್ನ ಮಧ್ಯಾಹ್ನಗಳಿಗೆ ಅದೇ ಜೊತೆ.

ಆ ನಂಬಿಕೆಯಿಂದಲೇ ಹಿಂದಿನ ರಾತ್ರಿ ಮಗಳು ಮಲಗಿದ ಮೇಲೆ, ಗುಂಪಿನಲ್ಲಿ ಯಾರಿಗೂ ನೋವಾಗದಂತೆ ತಿದ್ದಿ ತಿದ್ದಿ ಬರೆದಿದ್ದೆ: ಕಷಾಯ ಒಳ್ಳೆಯದೇ, ಆದರೆ ಉಸಿರು ಸಿಕ್ಕಿಕೊಂಡಾಗ ಡಾಕ್ಟರು ಕೊಟ್ಟ ಪಂಪ್ ಬಿಡಬೇಡಿ.

ಚಹಾ ಕುದಿಯುವಾಗ ಉತ್ತರಗಳನ್ನು ಓದಿದೆ.

“ಕಾನ್ವೆಂಟ್ ಕಲ್ತ ಅಮ್ಮಾರಿಗಿ ಕಷಾಯ ಕಹಿ ಆತೇನು?”

“ಡಾಕ್ಟರ್ ಕಮಿಷನ್ ಎಷ್ಟ್ ಕೊಡ್ತಾನ್ರಿ?”

ತನ್ನ ಕೂಸಿನ ಕೆಮ್ಮಿಗೆ ನನ್ನಿಂದ ಶುಂಠಿ-ಜೇನಿನ ಅಳತೆ ಕೇಳಿಕೊಂಡಿದ್ದವಳು ನಗುವ ಮುಖಗಳನ್ನು ಸಾಲಾಗಿ ಒತ್ತಿದ್ದಳು. ಅದರ ಕೆಳಗೆ ಮತದಾನ: ಇವರು ಗುಂಪಿನಲ್ಲಿ ಇರಲಿ, ಅಥವಾ ಬೇಡ. ಯಾರು ಯಾವುದಕ್ಕೆ ಒತ್ತಿದರೆಂದು ಕಾಣುವುದಿಲ್ಲ. ‘ಬೇಡ’ದ ಗೆರೆ ಪರದೆಯ ಅಂಚಿನವರೆಗೂ ಓಡಿತ್ತು. ‘ಇರಲಿ’ಯ ಎದುರು ಸೊನ್ನೆ. ನೋಡುತ್ತಿದ್ದಂತೆಯೇ ನನ್ನನ್ನು ಹೊರಹಾಕಿದರು. ಚಹಾ ಉಕ್ಕಿ ಒಲೆ ಆರಿತು.

ದಿನವಿಡೀ ಒಂದೇ ಸಮಾಧಾನ ಹೇಳಿಕೊಂಡೆ: ವೈನಿ ಇನ್ನೂ ಫೋನು ನೋಡಿರಲಿಕ್ಕಿಲ್ಲ. ಅವರ ಮನೆಗೆ ಬೀಗರು ಬಂದಿದ್ದರು. ನೋಡಿದ್ದರೆ ಆ ಸೊನ್ನೆ ಒಂದಾದರೂ ಆಗುತ್ತಿತ್ತು.

ಸಂಜೆ ವೈನಿ ಖಾಲಿ ಬಟ್ಟಲು ಹಿಡಿದು ಬಂದರು. ಬಂದವರೇ ಮಗಳ ಕೆನ್ನೆ ಸವರಿ, “ಈಗ ಆರಾಮ್ ಅದಾಳಲ್ಲ” ಎಂದರು.

“ಗುಂಪಿನಾಗ ನೋಡಿದ್ರೇನ್ರಿ ವೈನಿ?” ಎಂದೆ.

“ಹ್ಞೂಂ, ಮುಂಜಾನೇನ ನೋಡೀನ್ರಿ. ಎಲ್ಲಾರೂ ‘ಬೇಡ’ ಒತ್ತಲಿಕತ್ತಿದ್ರು, ನಾನೂ ಒತ್ತಿದೆ. ಅದನ್ನೇನ್ ಮನಸಿಗಿ ಹಚ್ಕೋತೀರಿ. ಹೆಪ್ಪಿಗಿ ಒಂದ್ ಚಮಚ ಮೊಸರ ಹಾಕ್ರಿ.”