ಇವತ್ತಿನ ಅಳತೆ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬೆಳಗಿನ ಬೆಳಕು ಮೊದಲು ಬೀಳುವುದು ಹೊಲಿಗೆ ಯಂತ್ರದ ಮೇಲೆ. ಗೋಡೆಯ ಮೇಲ್ತುದಿಯಲ್ಲಿರುವ ಸಣ್ಣ ಕಿಟಕಿ ಹೊರಗಿನ ರಸ್ತೆಯ ಮಟ್ಟಕ್ಕಿದೆ. ಅದರಲ್ಲಿ ಕಾಣುವುದು ನಡೆದುಹೋಗುವವರ ಕಾಲುಗಳು ಮಾತ್ರ. ಬೆಳಗಿನ ಪಾಳಿಯ ನರ್ಸುಗಳ ಬಿಳಿ ಬೂಟುಗಳು ಆ ಕಿಟಕಿಯನ್ನು ದಾಟುವ ಹೊತ್ತಿಗೆ ಟೈಲರಕ್ಕನ ಪಕ್ಕದಲ್ಲಿ ಹೊಲಿದಿಟ್ಟ ಬಟ್ಟೆಯ ಸಣ್ಣ ಗುಡ್ಡೆ ಬೆಳೆದಿರುತ್ತದೆ.

ಇಡೀ ಆಸ್ಪತ್ರೆಗೆ ಆಕೆ ಟೈಲರಕ್ಕ. ಹರಿದ ಬೆಡ್‌ಶೀಟು, ಲಾಡಿ ಕಿತ್ತುಬಂದ ಆಪರೇಷನ್ ಗೌನು, ಬಾಯಿ ಬಿಟ್ಟ ದಿಂಬಿನ ಚೀಲ ಎಲ್ಲ ಸೇರಿ ದಿನಕ್ಕೆ ನಲವತ್ತು, ಕೆಲವೊಮ್ಮೆ ಐವತ್ತು ಬಟ್ಟೆ ಆಕೆಯ ಕೈ ದಾಟುತ್ತವೆ. ಆಕೆಗೆ ಸಂಬಳ ಇರುವುದು ಇಷ್ಟಕ್ಕೆ. ಇನ್ನೊಂದು ಕೆಲಸವನ್ನು ಯಾರೂ ವಹಿಸಿದ್ದಲ್ಲ.

ಶೀಟು ಸವೆಯುವುದು ನಡುವೆ. ಅಂಚು ಗಟ್ಟಿಯಾಗಿಯೇ ಉಳಿದು, ಒಗೆದು ಒಗೆದು ಮೆತ್ತಗಾಗಿರುತ್ತದೆ. ಹೀಗೆ ಕೆಲಸಕ್ಕೆ ಬಾರದೆಂದು ಬಂದು ಬಿದ್ದ ಶೀಟುಗಳ ಅಂಚಿನಿಂದ ಆಕೆ ಪುಟ್ಟ ಅಂಗಿಗಳನ್ನು ಹೊಲಿಯುತ್ತಾರೆ. ಅವು ಹೋಗುವುದು ಮೂರನೇ ಮಹಡಿಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಮಲಗಿರುವ ಶಿಶುಗಳಿಗೆ. ಎದೆಗೆ ವೈರು, ಕೈಗೆ ಡ್ರಿಪ್ಪು ಇರುವ ಮಗುವಿಗೆ ತಲೆಯ ಮೇಲಿಂದ ಅಂಗಿ ಇಳಿಸಲಾಗದು. ಅದಕ್ಕೇ ಭುಜವೂ ಪಕ್ಕವೂ ಬಿಚ್ಚಿಕೊಳ್ಳುತ್ತವೆ. ಗುಂಡಿಯ ಬದಲು ಲಾಡಿ. ಹೊಲಿಗೆಯ ಮಡಿಕೆಗಳೆಲ್ಲ ಹೊರಗೆ.

"ಒಳಗಿದ್ರೆ ಆ ಚರ್ಮಕ್ಕೆ ಒತ್ತುತ್ತೆ. ನೋಡೋರಿಗೆ ಉಲ್ಟಾ ಹಾಕಿದ ಹಾಗೆ ಕಾಣುತ್ತೆ, ಕಾಣಲಿ ಬಿಡಿ. ಅವೇನು ಮದುವೆಗೆ ಹೊರಟಿದ್ದಾವಾ?" ಎಂದು ಅವರು ಹಲ್ಲಿನಲ್ಲೇ ದಾರ ಕಡಿಯುತ್ತಾರೆ.

ಈ ಬೆಳಿಗ್ಗೆ ಬಾಗಿಲಲ್ಲಿ ಒಬ್ಬ ಎಲೆಕ್ಟ್ರಿಷಿಯನ್ ನಿಂತಿದ್ದಾನೆ. ಅಂಗಿಯ ಜೇಬಿನಲ್ಲಿ ಟೆಸ್ಟರ್ ಇದೆ, ಆದರೆ ಅವನು ರಿಪೇರಿಗೆ ಬಂದವನಲ್ಲ. ವಾರದ ಹಿಂದೆ ಹುಟ್ಟಿದ ಅವನ ಮಗಳು ಮೂರನೇ ಮಹಡಿಯಲ್ಲಿದ್ದಾಳೆ. ಹೃದಯದಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳು ಅದಲುಬದಲಾಗಿ ಹುಟ್ಟಿದ ಮಗು, ನಾಳೆ ಆಪರೇಷನ್. ಅವನ ಕೈಯಲ್ಲಿ ಮಡಚಿದ ಹಳದಿ ಬಟ್ಟೆಯಿದೆ.

"ಅಕ್ಕಾ, ಇದರಲ್ಲಿ ಒಂದು ಫ್ರಾಕ್ ಹೊಲಿದು ಕೊಡ್ತೀರಾ? ಒಂದು ವರ್ಷದ ಮಗೂಗೆ ಆಗೋ ಹಾಗೆ."

"ಈಗ ಹಾಕೋಕೆ?"

"ಈಗಿಂದು ಬೇಡ ಅಂದ್ಲು ನನ್ನ ಹೆಂಡ್ತಿ. ಚಿಕ್ಕದು ಹೊಲಿಸಿದ್ರೆ ದೇವರಿಗೆ 'ನಮಗೆ ಇಷ್ಟೇ ಸಾಕು' ಅಂದ ಹಾಗಾಗುತ್ತಂತೆ. ನಾವು ಪೂರ್ತಿ ನಂಬಿದ್ದೀವಿ ಅಕ್ಕಾ."

ಯಂತ್ರದ ಚಕ್ರದ ಮೇಲಿದ್ದ ಟೈಲರಕ್ಕನ ಕೈ ನಿಲ್ಲುತ್ತದೆ. ಇದೇ ಮಾತನ್ನು ಅವರು ಇಪ್ಪತ್ತೆರಡು ವರ್ಷಗಳ ಹಿಂದೆ ತಮ್ಮ ಮನೆಯಲ್ಲೇ ಕೇಳಿದ್ದರು.

ಆಗ ಅವರು ಮನೆಯಲ್ಲೇ ಹೊಲಿಯುತ್ತಿದ್ದರು. ಮೊದಲ ಹೆರಿಗೆ, ಹೆಣ್ಣು ಮಗು. ಹೊಟ್ಟೆಯ ಗೋಡೆ ಕೂಡಿಕೊಳ್ಳದೆ ಕರುಳು ಹೊರಗೇ ಉಳಿದಿತ್ತು. ಗಂಡ, ಅತ್ತೆ, ತಾವು, ಮೂವರೂ ಒಂದೇ ಪ್ರಾರ್ಥನೆಗೆ ಜೋತುಬಿದ್ದರು. ಮಗು ಮೊದಲ ಹೆಜ್ಜೆ ಇಡುವ ದಿನಕ್ಕೆ ಈಗಲೇ ಫ್ರಾಕ್ ಹೊಲಿ ಎಂದು ಅತ್ತೆ ಹೇಳಿದರು. ಸೊಸೆ ಬಿಳಿ ಬಟ್ಟೆಯಲ್ಲಿ ಹೊಲಿದರು. ಎದೆಗೆ ಸಣ್ಣ ನೆರಿಗೆ, ಅಂಚಿಗೆ ಕಸೂತಿ.

"ಜೇಬು ಬೇರೆ ಇಟ್ಟಿದ್ದೆ. 'ಅದರಲ್ಲಿ ಏನಿಟ್ಕೋತಾಳೇ ನಿನ್ನ ಮಗಳು, ಬೀಗದ ಕೈನಾ?' ಅಂತ ಅತ್ತೆ ನಕ್ಕಿದ್ರು. ಆ ಹದಿನೈದು ದಿನದಲ್ಲಿ ನಾವು ನಕ್ಕಿದ್ದು ಅದೊಂದೇ ಸಲ," ಎಂದು ಎಲೆಕ್ಟ್ರಿಷಿಯನ್ ಹೋದ ಮೇಲೆ ಟೈಲರಕ್ಕ ನೆನೆಯುತ್ತಾರೆ.

ಆಪರೇಷನ್ ಆಯಿತು. ಆಮೇಲೆ ಸೋಂಕು ತಗುಲಿತು. ಒಂದು ಸಂಜೆ ನರ್ಸ್ ಬಂದು, ಮನೆಯ ಬಟ್ಟೆ ಏನಾದರೂ ಇದ್ದರೆ ತಂದು ತೊಡಿಸಿ ಎಂದು ಮೆಲ್ಲಗೆ ಹೇಳಿದಳು. ಅದರ ಅರ್ಥ ಮೂವರಿಗೂ ತಿಳಿಯಿತು. ಮನೆಯಲ್ಲಿದ್ದದ್ದು ಆ ಫ್ರಾಕ್ ಒಂದೇ. ಅದರ ತೋಳು ಮಗುವಿನ ಕಾಲಿನಷ್ಟು ಉದ್ದವಿತ್ತು. ಕತ್ತರಿಸಿ ಚಿಕ್ಕದು ಮಾಡುತ್ತೇನೆಂದು ಸೊಸೆ ಹೊರಟಾಗ ಅತ್ತೆ ತಡೆದರು: ಕತ್ತರಿಸಿದರೆ ನಾವೇ ಕೈಬಿಟ್ಟ ಹಾಗೆ.

"ತೊಡಿಸಲಿಲ್ಲ. ಸುತ್ತಿದ್ವಿ," ಎನ್ನುತ್ತಾರೆ ಟೈಲರಕ್ಕ. "ಊರಿನ ಮಕ್ಕಳಿಗೆಲ್ಲ ಅಂಗಿ ಹೊಲಿದವಳು ನಾನು. ನನ್ನ ಮಗಳು ಇದ್ದಷ್ಟು ದಿನ ಅವಳ ಅಳತೆಯದು ಒಂದೂ ಇರಲಿಲ್ಲ."

ಅತ್ತೆಗೆ ಈಗ ಎಂಬತ್ತು ದಾಟಿದೆ. ಮನೆಯಲ್ಲಿ ಕೂತು ಅಂಗಿಗಳಿಗೆ ಲಾಡಿ ಕತ್ತರಿಸಿಕೊಡುವುದು ಅವರೇ. "ಸೂಜಿಯ ಕಣ್ಣು ಕಾಣ್ಸಲ್ಲ, ನನ್ನ ಹೊಲಿಗೆ ಸೊಟ್ಟಗಾದ್ರೆ ಮಾತ್ರ ಬಾಗಿಲಿಂದ್ಲೇ ಕಾಣುತ್ತೆ," ಎಂದು ಸೊಸೆ ರೇಗಿಸುತ್ತಾರೆ. ಅತ್ತೆಯ ಪ್ರಾರ್ಥನೆ ನಿಂತಿಲ್ಲ. ಲಾಡಿ ಕತ್ತರಿಸುವಾಗಲೂ ತುಟಿ ಅಲ್ಲಾಡುತ್ತಿರುತ್ತದೆ. ಆ ಫ್ರಾಕಿನ ಮಾತು ಇಬ್ಬರ ನಡುವೆ ಬಂದದ್ದು ಒಂದೇ ಬಾರಿ.

"ಅವತ್ತು ನಾನು ತಡೀಬಾರದಿತ್ತು ಕಣೇ."

"ಬಿಡಿ ಅತ್ತೆ. ಕತ್ತರಿ ನನ್ನ ಕೈಲೇ ಇತ್ತಲ್ಲ."

ಎಲೆಕ್ಟ್ರಿಷಿಯನ್ನನಿಗೆ ಇದಾವುದನ್ನೂ ಟೈಲರಕ್ಕ ಹೇಳುವುದಿಲ್ಲ. ನಾಳೆ ಆಪರೇಷನ್‌ಗೆ ಹೋಗಲಿರುವ ಮಗುವಿನ ತಂದೆಗೆ ಹೇಳುವ ಕಥೆ ಅದಲ್ಲ. ಬಟ್ಟೆಯನ್ನು ಮೇಜಿನ ಮೇಲೆ ಹರವಿ, ಅಳತೆ ಎಷ್ಟೆಂದು ಕೇಳುತ್ತಾರೆ.

"ಒಂದು ವರ್ಷಕ್ಕೆ ಅಂದಾಜು ನಿಮಗೇ ಗೊತ್ತಿರುತ್ತಲ್ಲ ಅಕ್ಕಾ."

"ವರ್ಷದ್ದಲ್ಲಪ್ಪಾ. ಇವತ್ತಿಂದು ಕೇಳ್ತಿದ್ದೀನಿ. ನಿನ್ನ ಮಗಳು ಇವತ್ತು ಎಷ್ಟುದ್ದ ಇದ್ದಾಳೆ?"

ಅವನು ಎರಡೂ ಅಂಗೈಗಳನ್ನು ಎದುರುಬದುರು ಹಿಡಿಯುತ್ತಾನೆ. ಸ್ವಲ್ಪ ಹತ್ತಿರ ತರುತ್ತಾನೆ, ಮತ್ತೆ ತುಸು ದೂರ ಮಾಡುತ್ತಾನೆ. "ಇಷ್ಟು," ಎನ್ನುತ್ತಾನೆ. "ನಾನಿನ್ನೂ ಎತ್ತಿಕೊಂಡೇ ಇಲ್ಲ ಅಕ್ಕಾ."

ಟೈಲರಕ್ಕ ಟೇಪನ್ನು ಆ ಎರಡು ಅಂಗೈಗಳ ನಡುವೆಯೇ ಹಿಡಿದು ನೋಡುತ್ತಾರೆ. ಹಳದಿ ಬಟ್ಟೆಯ ಒಂದು ಮೂಲೆಯಲ್ಲಿ ಸೀಮೆಸುಣ್ಣದ ಗೆರೆ ಬೀಳುತ್ತದೆ.

"ಇವತ್ತಿಂದು ಇವತ್ತು ಹಾಕೋಣ. ಉಳಿದ ಬಟ್ಟೆಯಲ್ಲಿ ದೊಡ್ಡ ಫ್ರಾಕ್ ಧಾರಾಳವಾಗಿ ಆಗುತ್ತೆ. ಆ ಬಟ್ಟೆ ನನ್ನ ಹತ್ರಾನೇ ಇರುತ್ತೆ. ವರ್ಷ ಕಳೆದ ಮೇಲೆ ಮಗೂನ ಕರ್ಕೊಂಡು ಬಾ, ನಿಲ್ಲಿಸಿ ಅಳತೆ ತಗೋತೀನಿ. ಅಳತೆ ಇಲ್ಲದೆ ನಾನು ಹೊಲಿಯಲ್ಲ ಅಂತ ನಿನ್ನ ಹೆಂಡ್ತಿಗೆ ಹೇಳು."

"ಬೈತಾಳೆ."

"ನನ್ನ ಹೆಸರು ಹೇಳಿ ಬೈಸ್ಕೋ."

ಅಂಗಿ ಲಾಂಡ್ರಿಯ ಹಬೆಯಲ್ಲಿ ಶುದ್ಧವಾಗಿ ಮಧ್ಯಾಹ್ನ ಮೇಲಕ್ಕೆ ಹೋಗುತ್ತದೆ. ಸಂಜೆ ಎಲೆಕ್ಟ್ರಿಷಿಯನ್ ಮತ್ತೆ ಇಳಿದು ಬಂದು ಬಾಗಿಲಲ್ಲೇ ನಿಂತು ಹೇಳುತ್ತಾನೆ: ಲಾಡಿ ಕಟ್ಟಿದ್ದು ತಾಯಿಯೇ. ಕಟ್ಟಿದ ಮೇಲೆ ಬಹಳ ಹೊತ್ತು ಅಂಗಿಯ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಳು.

ಮರುದಿನ ಆಪರೇಷನ್ ಮುಗಿಯುತ್ತದೆ. ಕೆಲವು ದಿನ ಕಳೆಯದೆ ಏನೂ ಹೇಳಲಾಗದು ಎಂದಿದ್ದಾರೆ ವೈದ್ಯರು. ಒಂದು ಮೂಲೆ ಕತ್ತರಿಸಿದ ಹಳದಿ ಬಟ್ಟೆ ಟೈಲರಕ್ಕನ ಕಪಾಟಿನಲ್ಲಿ ಮಡಚಿ ಕೂತಿದೆ.

ಮೇಲೆ ಹೋದ ಅಂಗಿಗಳನ್ನು ತೊಟ್ಟ ಮಕ್ಕಳಲ್ಲಿ ಯಾವುದು ಮನೆಗೆ ಹೋಯಿತು, ಯಾವುದು ಹೋಗಲಿಲ್ಲ ಎಂದು ಅವರು ಕೇಳುವುದಿಲ್ಲ. ಯಾರೂ ಬಂದು ಹೇಳುವುದೂ ಇಲ್ಲ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ, ಹೊಲಿಯುತ್ತಲೇ ಹೇಳುತ್ತಾರೆ:

"ಹೊರಗಿನ ಟೈಲರ್‌ಗಳ ಹತ್ರ ದಿನಾ ಜಗಳ ನೋಡಿ. ಬಿಗಿ ಆಯ್ತು, ಚಿಕ್ಕದಾಯ್ತು ಅಂತ. ನನ್ನ ಹತ್ರ ಇಷ್ಟು ವರ್ಷದಲ್ಲಿ ಒಬ್ಬರೂ ಬಂದಿಲ್ಲ. ಯಾರಾದ್ರೂ ಒಬ್ಬರು ಆ ಪುಟ್ಟ ಅಂಗಿ ಹಿಡ್ಕೊಂಡು ಬಂದು, 'ಏನಕ್ಕಾ, ಇದು ನಮ್ಮ ಮಗೂಗೆ ಒಂದು ಕೈಗೂ ಆಗ್ತಿಲ್ಲ' ಅಂತ ಜಗಳ ಆಡ್ಲಿ. ಅಷ್ಟು ಬೈಸ್ಕೋಬೇಕು ನಾನು."