ಸಣ್ಣ ಬದಲಾವಣೆಯ ಸಾಹೇಬರು
ಹತ್ತಾರು ಜನ ಬಿಡುವಿನಲ್ಲಿ ಕೂಡಿ ಕಟ್ಟುತ್ತಿರುವ ಪುಸ್ತಕ ಓದುವ ಆ್ಯಪಿಗೆ ‘ಇದನ್ನೂ ಸೇರಿಸಿಕೊಳ್ಳಿ’ ಎಂದು ನಮ್ಮ ಸಾಹೇಬರು ಕಳಿಸುವ ಪುಲ್ ರಿಕ್ವೆಸ್ಟುಗಳಿಗೆಲ್ಲ ಒಂದೇ ವಿವರಣೆ: ‘ಸಣ್ಣ ಬದಲಾವಣೆ’. ತೆರೆದು ನೋಡಿದರೆ ಅರ್ಧ ಆ್ಯಪ್ ಬುಡಮೇಲಾಗಿರುತ್ತದೆ. “ಯಾಕೆ ಬದಲಾಯಿಸಿದ್ರಿ ಅಂತ ಎರಡು ಸಾಲು ಬರೀರಿ ಪುಣ್ಯಾತ್ಮರೇ” ಎಂದು ಕಳಿಸಿದ್ದನ್ನೆಲ್ಲ ತಪಾಸಣೆ ಮಾಡುವ ಮೇಡಂ ಗೋಗರೆದರೆ, “ಕೋಡ್ ನೋಡಿದ್ರೆ ಗೊತ್ತಾಗಲ್ವಾ?” ಎಂದು ಮೂಗು ಮುರಿಯುತ್ತಾರೆ. ಮನೆಯಲ್ಲೂ ಅದೇ ಚಾಳಿ. ಅವರು ‘ಸಣ್ಣ ಬದಲಾವಣೆ’ ಮಾಡಿದ ಮೇಲೆ ಅಡುಗೆಮನೆಯ ಸ್ವಿಚ್ ಒತ್ತಿದರೆ ಬಚ್ಚಲಿನ ದೀಪ ಹೊತ್ತಿಕೊಳ್ಳುತ್ತದೆ. ಇಂಥವರು ಮೊನ್ನೆ ಆ್ಯಪಿನ ಕೋಡಿನಲ್ಲಿ ಒಂದೇ ಒಂದು ಅಂಕಿ ತಿದ್ದಿ, ಉದ್ದಕ್ಕೆ ವಿವರಣೆ ಬರೆದರು: “ಅಕ್ಷರ ಇನ್ನೂ ದೊಡ್ಡದಾಗುವಂತೆ ಮಾಡಿದ್ದೇನೆ. ಯಾಕೆಂದರೆ ಅಮ್ಮನ ಕಣ್ಣು ಮಂಜಾಗುತ್ತಿದೆ. ನಾನು ಓದಿ ಹೇಳುತ್ತೇನೆಂದರೆ ಕೇಳುವುದಿಲ್ಲ, ಹಿಡಿದ ಕಾದಂಬರಿಯನ್ನು ಅವಳೇ ಮುಗಿಸಬೇಕಂತೆ.” ಮೇಡಂ ಕೂಡಲೇ ಒಪ್ಪಿಕೊಂಡರು. ಆ ವಿವರಣೆಯಲ್ಲಿ ಎಲ್ಲಿಯೂ ‘ಸಣ್ಣ’ ಎಂಬ ಮಾತಿರಲಿಲ್ಲ.