ನೊಣ ಕಟ್ಟುತ್ತಿದ್ದ ದೊಡ್ಡವ್ವ

ದೊಡ್ಡವ್ವನ ಮುಂದಿನ ಹಲ್ಲಿನಲ್ಲಿ ಒಂದು ಸಣ್ಣ ಕಚ್ಚು ಇತ್ತು. ಮೇಣ ಹಚ್ಚಿದ ದಾರವನ್ನು ವರ್ಷಗಟ್ಟಲೆ ಅದೇ ಹಲ್ಲಿನಿಂದ ಕಡಿದು ಬಿದ್ದ ಕಚ್ಚು. ನಕ್ಕರೆ ಕಾಣುತ್ತಿತ್ತು. ಆದರೆ ಅವಳು ನಗುತ್ತಿದ್ದುದೇ ಕಡಿಮೆ.

ಅವಳು ನನ್ನ ತಾಯಿಯ ಅಕ್ಕ. ತೊಂಬತ್ತರ ದಶಕದ ಮೊದಲಲ್ಲಿ ನಾನು ಗುಂಡ್ಲುಪೇಟೆಯಲ್ಲಿ ಟೀಚರ್ ಕೆಲಸಕ್ಕೆ ಸೇರಿ, ಚಂದಕವಾಡಿಯಿಂದ ಬಂದು ಅವಳ ಮನೆಯಲ್ಲೇ ಉಳಿದೆ. ಆಗಲೇ ಅವಳಿಗೆ ಗಂಡನಿರಲಿಲ್ಲ. ಜೀವನಕ್ಕೆ ನೊಣ ಕಟ್ಟುತ್ತಿದ್ದಳು. ಹಾಗೆಂದರೆ ಬೀದಿಯವರು ನಗುತ್ತಿದ್ದರು. ಊಟಿಯ ಮೇಲಿನ ತಣ್ಣನೆಯ ಹೊಳೆಗಳಲ್ಲಿ ಟ್ರೌಟ್ ಎಂಬ ಮೀನಿದೆ. ಅದನ್ನು ಎರೆಹುಳ ಚುಚ್ಚಿ ಹಿಡಿಯುವುದು ಸಾಹೇಬರುಗಳಿಗೆ ಮರ್ಯಾದೆಯಲ್ಲ. ಕೊಕ್ಕೆಗೆ ಕೂದಲು, ಗರಿ ಸುತ್ತಿ ನೊಣದಂತೆ ಮಾಡಿ ನೀರಿನ ಮೇಲೆ ತೇಲಿಬಿಡಬೇಕು. ಜಿಂಕೆಯ ಕೂದಲು ಒಳಗೆ ಪೊಳ್ಳು, ಹಾಗಾಗಿ ಬೇಗ ಮುಳುಗುವುದಿಲ್ಲ. ಒಂದು ಚಿಟಿಕೆ ಕೂದಲನ್ನು ಕೊಕ್ಕೆಯ ಮೇಲಿಟ್ಟು ದೊಡ್ಡವ್ವ ದಾರ ಬಿಗಿದರೆ ಅದು ಸುತ್ತಲೂ ಅರಳಿ ನಿಲ್ಲುತ್ತಿತ್ತು. ಆಮೇಲೆ ಬ್ಲೇಡಿನಿಂದ ಸವರಿ ಅದಕ್ಕೆ ಮೈ ಕೊಡುತ್ತಿದ್ದಳು.

ಕಲಿಸಿದವನು ದೊಡ್ಡಪ್ಪ. ಊಟಿ ರಸ್ತೆಯ ಬಂಗಲೆಯಲ್ಲಿದ್ದ ಎಸ್ಟೇಟ್ ಸಾಹೇಬರಿಗೆ ಅವನು ಜೀಪ್ ಡ್ರೈವರ್. ಮೀನು ಹಿಡಿಯಲು ಅವರ ಜೊತೆ ಹೋಗಿ ಹೋಗಿ ಈ ಕೆಲಸ ಕಲಿತಿದ್ದ. ಒಮ್ಮೆ ಸಾಹೇಬರು ಕೇರಳದ ಕಡೆಯಿಂದ ಜಿಂಕೆ ಚರ್ಮ ತರುವಾಗ ಗುಂಡ್ಲುಪೇಟೆ ಕಾಡಂಚಿನ ಮದ್ದೂರಿನ ಹತ್ತಿರ ಜೀಪಿನ ತಪಾಸಣೆಯಾಯಿತು. ತನಗೇನೂ ಗೊತ್ತಿಲ್ಲ, ಡ್ರೈವರ್ ಇಟ್ಟಿರಬೇಕು ಎಂದುಬಿಟ್ಟರು ಸಾಹೇಬರು. ದೊಡ್ಡಪ್ಪ ಜೈಲಿಗೆ ಹೋದ. ಬರುವಾಗ ಕೆಮ್ಮು ಹತ್ತಿಸಿಕೊಂಡು ಬಂದ. ಹೆಚ್ಚು ದಿನ ಉಳಿಯಲಿಲ್ಲ.

ಅದಾದ ಮೇಲೂ ದೊಡ್ಡವ್ವ ಅದೇ ಸಾಹೇಬರಿಗೆ ನೊಣ ಕಟ್ಟಿಕೊಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ, ಒಂದು ದಿನ ಕೇಳಿಯೇಬಿಟ್ಟೆ. ಅವಳು ಕೈಯಲ್ಲಿದ್ದ ಕೊಕ್ಕೆಯಿಂದ ತಲೆ ಎತ್ತಲಿಲ್ಲ.

"ಆ ಮನೆ ಬಾಗ್ಲು ನಂಗೆ ತೆಗೆದಿರಬೇಕು ಕಣಮ್ಮಿ. ಅಷ್ಟೇಯ."

ಆ ಮನೆಯಲ್ಲಿ ಮಾತ್ರ ಅವಳು ಒಂದು ಲೋಟ ನೀರನ್ನೂ ಮುಟ್ಟಿದವಳಲ್ಲ. ಕಾಫಿ ಕೊಟ್ಟರೆ ಹೊಟ್ಟೆ ಸರಿಯಿಲ್ಲ ಅನ್ನುತ್ತಿದ್ದಳು.

ಒಂದು ಭಾನುವಾರ ಸಾಹೇಬರ ಮನೆಗೆ ಪರದೇಶದ ಸ್ನೇಹಿತರು ಬಂದಿದ್ದರು. ಅವರ ದೇಶದಲ್ಲಿ ಸಾಲ್ಮನ್ ಎಂಬ ದೊಡ್ಡ ಮೀನು ಹಿಡಿಯುವವರಂತೆ. ಅವರೆದುರು ನೊಣ ಕಟ್ಟಿ ತೋರಿಸಲು ದೊಡ್ಡವ್ವನಿಗೆ ಕರೆ ಬಂತು, ನಾನೂ ಜೊತೆಗೆ ಹೋದೆ. ಹೊಸದಾಗಿ ಬಂದಿದ್ದ ಅರಣ್ಯಾಧಿಕಾರಿಯೊಬ್ಬರೂ ಊಟಕ್ಕೆ ಬಂದಿದ್ದರು. ದೊಡ್ಡವ್ವ ಕಟ್ಟಿದ್ದನ್ನು ಎಲ್ಲರೂ ಕೈಯಿಂದ ಕೈಗೆ ದಾಟಿಸಿ ಹೊಗಳಿದರು. ಅಧಿಕಾರಿ ಮಾತ್ರ ಮೇಜಿನ ಮೇಲಿದ್ದ ಕೂದಲನ್ನು ಬೆರಳಲ್ಲಿ ಉಜ್ಜಿ ನೋಡಿ, ಇದು ಎಲ್ಲಿಯದು ಎಂದು ಕೇಳಿದರು. ಫಾರಿನ್ನಿನಿಂದ ತರಿಸಿದ್ದು ಎಂದರು ಸಾಹೇಬರು. ಅಧಿಕಾರಿ ದೊಡ್ಡವ್ವನ ಕಡೆ ತಿರುಗಿದರು. ಅವಳು ಕತ್ತರಿ ಕೆಳಗಿಟ್ಟಳು.

"ಇದೇ ಮನೇದು ಬುದ್ಧಿ. ಇವರು ಮಲಗೋ ಮಂಚದ ಕೆಳಗೆ ಟ್ರಂಕದೆ, ಅದ್ರಲ್ಲಿ ಚರ್ಮ ಅವೆ. ನನ್ನ ಮುಂದೇನೇ ಕುಯ್ದು ಕೊಟ್ರು. ಕಟ್ಟಿದ್ದು ನಾನು, ನನ್ನೂ ಬರ್ಕಳಿ."

ಗಂಡ ಸತ್ತ ಮೇಲೆ ಇವಳಿಗೆ ತಲೆ ಕೆಟ್ಟಿದೆ ಎಂದು ಸಾಹೇಬರು ಹೇಳುತ್ತಲೇ ಇದ್ದರು. ಅಷ್ಟರಲ್ಲಿ ಅಧಿಕಾರಿ ಎದ್ದು ತಮ್ಮ ಸಿಬ್ಬಂದಿಗೆ ಹೇಳಿಕಳಿಸಿದ್ದರು. ಟ್ರಂಕು ಹೊರಗೆ ಬಂತು. ಅವಳು ಹೇಳಿದ್ದೆಲ್ಲ ಅದರಲ್ಲಿತ್ತು.

ದೊಡ್ಡವ್ವ ತಪ್ಪೊಪ್ಪಿಕೊಂಡು ದಂಡ ಕಟ್ಟಿದಳು, ಆಮೇಲೆ ಸಾಕ್ಷಿ ಹೇಳಿದಳು. ಸಾಹೇಬರ ಕೇಸು ಮಾತ್ರ ವರ್ಷಗಟ್ಟಲೆ ಎಳೆಯಿತು. ವಾಯಿದೆ ಮುಂದಕ್ಕೆ ಹೋಗಲಿ ಬಿಡಲಿ, ಅವಳು ತಲೆಗೆ ಸ್ನಾನ ಮಾಡಿ ಕೋರ್ಟಿಗೆ ಹೋಗಿ, ಸಾಹೇಬರು ತಿರುಗಿದರೆ ಕಾಣುವಂಥ ಜಾಗದಲ್ಲಿ ಕೂತುಬಿಡುತ್ತಿದ್ದಳು. ದೊಡ್ಡೋರ ಸಹವಾಸ ಬೇಡ ಎಂದು ಬುದ್ಧಿ ಹೇಳಲು ನನ್ನವ್ವ ಊರಿಂದ ಬಂದಳು. ದೊಡ್ಡವ್ವ ಅವಳಿಗೆ ಹೊಟ್ಟೆ ತುಂಬ ಊಟ ಹಾಕಿ ವಾಪಸ್ ಬಸ್ಸು ಹತ್ತಿಸಿದಳು. ಕೊನೆಗೆ ಸಾಹೇಬರ ಕಡೆಯವನೊಬ್ಬ ಬಂದ. ಆ ಚರ್ಮಗಳನ್ನು ಹಿಂದೆ ಗಂಡನೇ ತಂದಿಟ್ಟಿದ್ದ ಎಂದು ಅವಳು ಹೇಳಿಕೆ ಬದಲಿಸಿದರೆ ಸಾಕಂತೆ.

"ಒಂದ್ಸಲ ನಿಮ್ಮ ತಪ್ಪ ಅವನ ತಲೆಗೆ ಒರಿಸಿದ್ರಿ, ಒತ್ಕಂಡು ಸತ್ತ," ಎಂದಳು. "ಇನ್ನು ಅವನ ಗುಂಡೀ ಮೇಲೂ ಒರಿಸ್ತೀರಾ?"

ಸಾಹೇಬರಿಗೆ ಜೈಲಾಯಿತು. ಅಂದು ಕೋರ್ಟಿನಿಂದ ಹೊರಬಂದವಳೇ, ಹೋಟ್ಲಿಗೆ ಹೋಗನ ನಡಿ ಎಂದಳು. ಮಸಾಲೆ ದೋಸೆಯನ್ನು ನಿಧಾನವಾಗಿ, ಚಟ್ನಿಯನ್ನೂ ಬಿಡದೆ ತಿಂದಳು. ಈಗ ಸಮಾಧಾನವಾಯಿತಾ ಎಂದು ಕೇಳಿದೆ.

"ಇಲ್ಲ ಕಣಮ್ಮಿ. ಅವನು ವಾಪಸ್ ಬತ್ತನೆ. ನಿಮ್ಮ ದೊಡ್ಡಪ್ಪ ಬರಕಿಲ್ಲ."

ಆ ದಶಕ ಮುಗಿಯುವ ಹೊತ್ತಿಗೆ ದೊಡ್ಡವ್ವ ಹಾಸಿಗೆ ಹಿಡಿದಳು. ಸಾಯುವ ಮುಂಚಿನ ವಾರ ನನ್ನನ್ನು ಹತ್ತಿರ ಕೂರಿಸಿಕೊಂಡು, ತಾನು ಸತ್ತ ದಿನ ಆ ಮನೆಯವನು ದೊಡ್ಡತನ ತೋರಿಸಲು ಬಂದೇ ಬರುತ್ತಾನೆ, ಒಳಕ್ಕೆ ಬಿಡಬೇಡ ಎಂದಳು.

ಬಂದರು. ಶಿಕ್ಷೆ ಮುಗಿಸಿ ಬಂದಿದ್ದ ಸಾಹೇಬರು ಕೈಯಲ್ಲಿ ಹಾರ ಹಿಡಿದು ಕಾರಿನಿಂದ ಇಳಿದರು. ಹೆಡ್‌ಮಾಸ್ಟರ ಎದುರು ಬಾಯಿ ತೆರೆಯಲು ಹೆದರುತ್ತಿದ್ದ ನಾನು ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಂತೆ. ಸಾವಿನ ಮನೆಯಲ್ಲಿ ಹೀಗೆ ಮಾಡಬಾರದು ಎಂದು ಹಿಂದಿನಿಂದ ನಂಟರು ಗೊಣಗಿದರು. ಮುಖ ನೋಡಿಕೊಂಡು ಹೋಗ್ತೀನಿ ಮೇಡಂ ಎಂದರು ಸಾಹೇಬರು, ಕೈ ಮುಗಿದು.

ಬೇಡ ಎಂದೆ. ಅವರು ಹಾರ ಹಿಡಿದುಕೊಂಡೇ ಕಾರಿನವರೆಗೆ ವಾಪಸ್ ನಡೆದರು. ಅವರು ಕಾರು ಹತ್ತಿ ಹೋಗುವವರೆಗೂ ನಾನು ಆ ಬಾಗಿಲು ಬಿಟ್ಟು ಕದಲಲಿಲ್ಲ. ಹಾಗೆ ನಿಲ್ಲುವುದನ್ನು ನನಗೆ ಕಲಿಸಿದವಳು ಒಳಗೆ ಮಲಗಿದ್ದಳು.